ಪಂಪ್‌ಹೌಸಿಗೊಂದು ಕಿಟಕಿ

"ಸರ್ವರ್ ಅಂದ್ರೆ ರೇಷನ್ ಅಂಗಡೀಲಿ ಇಲ್ಲ ಅಂತಾರಲ್ಲ, ಅದೇನಾ?"

ಪ್ಯಾನೆಲ್ಲಿನ ಬಾಗಿಲು ತೆಗೆದು, ಲ್ಯಾಪ್‌ಟಾಪಿನಿಂದ ಹೊರಟ ನೀಲಿ ಕೇಬಲ್ಲಿನ ತುದಿಯನ್ನು ಪಿಎಲ್‌ಸಿಯ ಕಿಂಡಿಗೆ ಚುಚ್ಚುತ್ತಿದ್ದ ನಾನು, ಹೌದು, ಅದೇ ವಂಶದ್ದು ಎಂದೆ. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಇನ್ಮೇಲೆ ನಮ್ಮಲ್ಲೂ ಇರಲ್ಲ ಬಿಡಿ" ಎಂದು ಬೀಡಿ ಹಚ್ಚಲು ಹೊರಗೆ ಹೋದರು.

ಊರಿನ ಹೆಸರು ಇಲ್ಲಿ ಬೇಡ. ಹೊಳೆಯ ದಂಡೆಯಲ್ಲೊಂದು ಜಾಕ್‌ವೆಲ್, ಅದಕ್ಕೆ ತಾಗಿ ಪಂಪ್‌ಹೌಸ್, ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಟ್ಯಾಂಕು. ಎರಡು ಮೋಟರುಗಳು ಸರದಿಯ ಮೇಲೆ ಹೊಳೆಯ ನೀರನ್ನು ಗುಡ್ಡಕ್ಕೇರಿಸುತ್ತವೆ. ಅಲ್ಲಿಂದ ಅದು ಶುದ್ಧೀಕರಣ ಘಟಕ ಹಾಯ್ದು 12 ಕಿಲೋಮೀಟರ್ ಆಚೆಯ ಪಟ್ಟಣಕ್ಕೆ ತಾನಾಗಿಯೇ ಇಳಿದುಹೋಗುತ್ತದೆ. ಅಲ್ಲಿನ ಆಪರೇಟರನ್ನು ಎಲ್ಲರೂ ಯಜಮಾನ್ರೇ ಎಂದೇ ಕರೆಯುತ್ತಾರೆ. ನನಗೂ ಅದೇ ರೂಢಿಯಾಯಿತು.

ನಾನು ಅಲ್ಲಿಗೆ ಹೋದದ್ದು ನೀರಿಗಾಗಿ ಅಲ್ಲ, ಅಂಕಿಗಳಿಗಾಗಿ. ಯಾವ ಹೊತ್ತಿನಲ್ಲಿ ಮೋಟರು ಓಡಿಸಿದರೆ ಕರೆಂಟು ಉಳಿಯುತ್ತದೆ, ಟ್ಯಾಂಕೂ ಬತ್ತುವುದಿಲ್ಲ ಎನ್ನುವುದು ನನ್ನ ಪಿಎಚ್‌ಡಿಯ ವಿಷಯ. ಎರಡೂವರೆ ವರ್ಷದಿಂದ ಎಪನೆಟ್ ಎಂಬ ತಂತ್ರಾಂಶದಲ್ಲಿ ಕೊಳವೆ, ಟ್ಯಾಂಕು, ಪಂಪುಗಳ ಚಿತ್ರ ಬರೆದು, ಒಂದು ಹನಿಯೂ ಚೆಲ್ಲದಂತೆ ನೀರು ಹರಿಸಿಕೊಂಡು ಕೂತಿದ್ದೆ. ನಿಜವಾದ ಒಂದು ಪಂಪ್‌ಹೌಸಿನ ಅಂಕಿಗಳಿಲ್ಲದೆ ಇದು ಪೂರ್ತಿಯಾಗುವುದಿಲ್ಲ ಎಂದು ಮಾರ್ಗದರ್ಶಕರು ಹಟ ಹಿಡಿದರು. ಅವರೇ ಓಡಾಡಿ ಅನುಮತಿ ಕೊಡಿಸಿದರು. ಪಟ್ಟಣದ ನೀರು ಸರಬರಾಜು ನೋಡಿಕೊಳ್ಳುವ ಇಂಜಿನಿಯರ್ ಒಂದೇ ಷರತ್ತು ಹಾಕಿದರು: "ಅಂಕಿ ನಿಮಗೆ ಕಾಣೋದಾದ್ರೆ ನನಗೂ ಕಾಣಬೇಕು. ನನ್ನ ಮೊಬೈಲಲ್ಲಿ."

ಪಿಎಲ್‌ಸಿ ಎನ್ನುವುದು ಕಾರ್ಖಾನೆಗಳ ಗುಮಾಸ್ತ. ನೋಡು, ಲೆಕ್ಕ ಹಾಕು, ಹೇಳು ಎಂಬ ಮೂರು ಕೆಲಸವನ್ನು ಸೆಕೆಂಡಿಗೆ ಹತ್ತಾರು, ನೂರಾರು ಸಲ ಬೇಸರವಿಲ್ಲದೆ ಮಾಡುತ್ತದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳು ಗೋಡೆಗಟ್ಟಲೆ ರಿಲೇಗಳ ಕಾಟದಿಂದ ತಪ್ಪಿಸಿಕೊಳ್ಳಲು ಹುಡುಕಿಕೊಂಡ ದಾರಿ ಇದು. ಆ ಕಾಲದ ಎಲೆಕ್ಟ್ರಿಷಿಯನ್ನರಿಗೆ ಗಾಬರಿಯಾಗಬಾರದೆಂದು ಇದರ ಪ್ರೋಗ್ರಾಮನ್ನೂ ರಿಲೇ ಸರ್ಕ್ಯೂಟಿನಂತೆಯೇ, ಏಣಿಯ ಮೆಟ್ಟಿಲುಗಳ ಆಕಾರದಲ್ಲಿ ಬರೆಯುವ ಪದ್ಧತಿ ಬಂತು, ಈಗಲೂ ಇದೆ. ಹಾಗಾಗಿ ಪೈಥಾನ್ ಎಂದರೆ ಹಾವು ಎಂದುಕೊಳ್ಳುವ ಯಜಮಾನರು ನನ್ನ ಪರದೆಯ ಮೇಲಿನ ಏಣಿಯನ್ನು ನೋಡಿ, "ಇದು ಹೋಲ್ಡಿಂಗ್ ಕಾಂಟ್ಯಾಕ್ಟು ಅಲ್ವಾ?" ಎಂದು ಬೆರಳಿಟ್ಟು ತೋರಿಸಿದರು. ಆ ಬೆರಳನ್ನು ಆವತ್ತೇ ಇನ್ನೊಂದಿಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಅಲ್ಲಿದ್ದದ್ದು ಸೀಮೆನ್ಸ್‌ನ ಎಸ್7-1200 ಸರಣಿಯ 1214ಸಿ. ಅಗಲ 110 ಮಿಲಿಮೀಟರ್, ಎತ್ತರ 100. ಅಮ್ಮನ ಒಗ್ಗರಣೆ ಡಬ್ಬಿಗಿಂತ ಚಿಕ್ಕದು. 14 ಇನ್‌ಪುಟ್, 10 ಔಟ್‌ಪುಟ್. ವೆಬ್ ಸರ್ವರ್ ಎಂದಾಗ ನಮ್ಮ ಕಣ್ಣಿಗೆ ಬರುವುದು ಏಸಿ ಹಾಕಿದ ಕೋಣೆ, ಮಿಣುಕುವ ದೀಪಗಳ ಬೀರು. ಇಲ್ಲಿ ಅದು ಮೋಟರು ಓಡಿಸುವ ಇದೇ ಡಬ್ಬಿಯ ಒಂದು ಮೂಲೆಯಲ್ಲಿ ಮಲಗಿರುತ್ತದೆ. ಕಾನ್ಫಿಗರೇಷನ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದರೆ ಏಳುತ್ತದೆ. ಎಚ್‌ಟಿಟಿಪಿಎಸ್ ಮೂಲಕ ಮಾತ್ರ ಬರಬೇಕೆ ಎನ್ನುವುದಕ್ಕೆ ಇನ್ನೊಂದು ಟಿಕ್. ಯಾರು ಯಾರು ಏನೇನು ಮಾಡಬಹುದು ಎಂಬುದಕ್ಕೆ ಒಂದು ಪಟ್ಟಿ. ಆ ಪಟ್ಟಿಯ ಮೊದಲ ಸಾಲಿನಲ್ಲಿ ಒಬ್ಬ ಬಳಕೆದಾರ ಆಗಲೇ ಇರುತ್ತಾನೆ. ಅವನಿಗೆ ಪಾಸ್‌ವರ್ಡ್ ಇಲ್ಲ, ಹೆಸರು 'ಎವೆರಿಬಡಿ'. ಕಂಪನಿಯವರು ಅವನಿಗೆ ಕೊಟ್ಟಿರುವ ಅಧಿಕಾರ ತೀರಾ ಕಡಿಮೆ. ಪ್ರತಿ ಸಲ ಲಾಗಿನ್ ಆಗುವ ಕಿರಿಕಿರಿ ತಪ್ಪಲೆಂದು, ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು, ನಾನು ಅವನಿಗೆ ಎಲ್ಲ ಅಧಿಕಾರ ಕೊಟ್ಟೆ. ಓದುವುದು, ಬರೆಯುವುದು, ಪಿಎಲ್‌ಸಿಯನ್ನೇ ನಿಲ್ಲಿಸುವುದು, ಎಲ್ಲವೂ ಸರ್ವರಿಗೂ.

ಮೊದಲ ದಿನ ಪುಟ ತೆರೆದಾಗ ಟ್ಯಾಂಕಿನ ಮಟ್ಟ 13824 ಎಂದು ಬಂತು. "ಹದಿಮೂರು ಸಾವಿರ ಏನು? ಅಡಿನಾ?" ಎಂದು ಯಜಮಾನರು ಗುಡ್ಡದ ಕಡೆ ನೋಡಿದರು. ಸೆನ್ಸರು ಕಳಿಸುವ 4ರಿಂದ 20 ಮಿಲಿಆಂಪಿಯರ್ ಕರೆಂಟನ್ನು ಈ ಡಬ್ಬಿ 0ಯಿಂದ 27648ರವರೆಗಿನ ಅಂಕಿಯಾಗಿ ಓದುತ್ತದೆ. ಅದರ ಸರಿಯರ್ಧ 13824, ಅಂದರೆ ಟ್ಯಾಂಕು ಅರ್ಧ ತುಂಬಿದೆ. ಬರೀ ಟ್ಯಾಂಕಿಗೆ 0 ಬಿಟ್ಟು 4 ಮಿಲಿಆಂಪಿಯರ್ ಯಾಕೆ ಎಂದು ಅವರು ಕೇಳಿದರು. ತಂತಿ ಕತ್ತರಿಸಿಹೋದರೆ 0 ಬರುತ್ತದೆ, ಟ್ಯಾಂಕು ಖಾಲಿಯಾದರೆ 4 ಬರುತ್ತದೆ, ನೀರಿಲ್ಲ ಅನ್ನುವುದಕ್ಕೂ ಸುದ್ದಿಯೇ ಇಲ್ಲ ಅನ್ನುವುದಕ್ಕೂ ವ್ಯತ್ಯಾಸ ತಿಳಿಯಲಿ ಅಂತ ಎಂದೆ. ಹಳೆಯ ಇನ್‌ಸ್ಟ್ರುಮೆಂಟೇಷನ್ ಜನರ ಜಾಣತನ ಅದು. ಅದನ್ನು ಅವರಿಗೆ ಭಾಷಣದಂತೆ ವಿವರಿಸಿದೆ, ನಾನೇ ಕಂಡುಹಿಡಿದವನ ಹಾಗೆ.

ಆಮೇಲೆ ಮೀಟರಿನಲ್ಲಿ ತೋರಿಸಿದೆ. ಅವರು ಅಡಿಯಲ್ಲೇ ಬೇಕೆಂದರು, ಯಾಕೆಂದರೆ ಟ್ಯಾಂಕಿನ ಗೋಡೆಗೆ ಬಣ್ಣದಲ್ಲಿ ಬರೆದಿರುವುದು ಅಡಿ. ಸರಿ, ಅಡಿ.

ಪುಟವನ್ನು ಕನ್ನಡದಲ್ಲಿ ಮಾಡಬೇಕೆಂಬುದು ನನ್ನ ಆಸೆ. ಮೊದಲ ಸಲ ಅಕ್ಷರಗಳೆಲ್ಲ ಪಿಶಾಚಿ ಲಿಪಿಯಾಗಿ ಬಂದವು. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಬರೆಯುವುದನ್ನು ಮರೆತಿದ್ದೆ. ಅಕ್ಷರಗಳು ಸರಿಹೋದ ಮೇಲೆ ಪದಗಳ ಜಗಳ ಶುರುವಾಯಿತು. ನಾನು 'ಪ್ರಾರಂಭ', 'ಸ್ಥಗಿತ', 'ಜಲಮಟ್ಟ' ಎಂದೆಲ್ಲ ಬರೆದಿದ್ದೆ. ಯಜಮಾನರು ಮಾತಾಡದೆ ತಮ್ಮ ಲಾಗ್‌ಬುಕ್ ತಂದು ಮುಂದಿಟ್ಟರು. ಉದ್ದನೆಯ, ರಟ್ಟಿನ ಹೊದಿಕೆಯ ಪುಸ್ತಕ. ಗಂಟೆಗೊಂದು ಸಾಲು. 'ಒಂದನೇ ನಂಬರ್ ಚಾಲು.' 'ಕರೆಂಟ್ ಹೋಯ್ತು.' 'ಕರೆಂಟ್ ಬಂತು, ಎರಡನೇ ನಂಬರ್ ಹಾಕಿದೆ.' 'ಬೇರಿಂಗ್ ಬಿಸಿ.' 'ಹೊಳೆ ಕೆಂಪಾಗಿದೆ.' ಆ ಕೊನೆಯದನ್ನು ನೋಡಿ ಇದಕ್ಕೇನು ಅರ್ಥ ಎಂದೆ. ಮೇಲೆ ಎಲ್ಲೋ ಮಳೆ ಬಂದರೆ ಹೊಳೆಗೆ ಮಣ್ಣು ಬರುತ್ತದೆ, ಎರಡು ಮೂರು ಗಂಟೆ ಮೋಟರು ನಿಲ್ಲಿಸಿ ಕಾಯುವುದು ವಾಸಿ, ಇಲ್ಲದಿದ್ದರೆ ಫಿಲ್ಟರಿನವರು ಒದ್ದಾಡುತ್ತಾರೆ ಎಂದರು. ನನ್ನ ಎರಡೂವರೆ ವರ್ಷದ ಮಾದರಿಯಲ್ಲಿ ಹೊಳೆಗೆ ಬಣ್ಣವೇ ಇರಲಿಲ್ಲ. ಪುಟದಲ್ಲಿ 'ಚಾಲು', 'ಬಂದ್' ಎಂದು ಬದಲಾಯಿಸಿದೆ. ಪ್ರಬಂಧದ ಮೂರನೇ ಅಧ್ಯಾಯವನ್ನು ಬದಲಾಯಿಸಲು ಆಮೇಲೆ ನಾಲ್ಕು ತಿಂಗಳು ಹಿಡಿಯಿತು.

ಪುಟ ನೆಟ್ಟಗಾದ ರಾತ್ರಿ ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಟ್ಯಾಂಕಿನ ಮಟ್ಟ ಏರುವುದನ್ನು ನೋಡುತ್ತಿದ್ದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು 1991ರಲ್ಲಿ ಒಂದು ಕಾಫಿ ಪಾತ್ರೆಗೆ ಕ್ಯಾಮೆರಾ ಹಿಡಿದಿಟ್ಟಿದ್ದರು. ಮಹಡಿ ಇಳಿದು ಬಂದವರಿಗೆ ಖಾಲಿ ಪಾತ್ರೆ ಸಿಗಬಾರದೆಂಬುದಷ್ಟೇ ಉದ್ದೇಶ. 1993ರಲ್ಲಿ ಅದು ವೆಬ್ಬಿಗೆ ಬಂದು, ಎಲ್ಲೆಲ್ಲಿಯವರೋ ಆ ಕಾಫಿಯನ್ನು ನೋಡುತ್ತಾ ಕೂರುವಂತಾಯಿತು, 2001ರಲ್ಲಿ ಕ್ಯಾಮೆರಾ ಆರಿಸುವವರೆಗೂ. ಆ ಸಂತೋಷ ಎಂಥದಿರಬೇಕೆಂದು ನನಗೆ ಆ ರಾತ್ರಿ ಗೊತ್ತಾಯಿತು. ಆದರೆ ಆ ಕಾಫಿಯನ್ನು ಯಾರೂ ದೂರದಿಂದ ಬಗ್ಗಿಸಲಾಗುತ್ತಿರಲಿಲ್ಲ.

ಇಂಜಿನಿಯರಿಗೆ ನೋಡಿದ್ದು ಸಾಲಲಿಲ್ಲ. "ಒಂದು ಬಟನ್ ಹಾಕಿಕೊಡಿ. ಚಾಲು, ಬಂದ್. ರಾತ್ರಿ ಎರಡು ಗಂಟೆಗೆ ಆ ಮನುಷ್ಯನನ್ನ ಫೋನ್ ಮಾಡಿ ಎಬ್ಬಿಸೋದು ನ್ಯಾಯವಾ, ಹೇಳಿ?" ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವರ ಕೈಯಲ್ಲಿ ಮೂರು ಪಂಪ್‌ಹೌಸುಗಳಿದ್ದವು, ಜನ ಕಡಿಮೆಯಿದ್ದರು. ಕೆಲಸವೂ ಸುಲಭ. ಈ ಪಿಎಲ್‌ಸಿಯಲ್ಲಿ ನಾವೇ ಬರೆದ ಪುಟದೊಳಗೆ ಎಡಬ್ಲ್ಯೂಪಿ ಎಂಬ ಆಜ್ಞೆಗಳನ್ನು ಎಚ್‌ಟಿಎಂಎಲ್ ಕಾಮೆಂಟಿನ ರೂಪದಲ್ಲಿ ಅಡಗಿಸಿಡುತ್ತಾರೆ. ಬ್ರೌಸರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಪಿಎಲ್‌ಸಿ ಮಾತ್ರ ಓದಿಕೊಳ್ಳುತ್ತದೆ. ಪುಟದಲ್ಲಿ ಒಂದು ಅಂಕಿ ತೋರಿಸಬೇಕಾದರೆ ಆ ಚರದ ಹೆಸರು ಬರೆದರೆ ಸಾಕು. ಹೊರಗಿನವರು ಅದನ್ನು ಬದಲಾಯಿಸಬಹುದು ಎನ್ನಬೇಕಾದರೆ ಇನ್ನೊಂದೇ ಸಾಲು. ಆಮೇಲೆ ಪುಟವನ್ನು 333ನೇ ನಂಬರಿನ ಡೇಟಾ ಬ್ಲಾಕಾಗಿ ಮಾಡಿ ಒಳಗಿಳಿಸಬೇಕು. ನೋಡುವ ಕಿಟಕಿ ಕೈಹಾಕುವ ಬಾಗಿಲಾಗಲು ಒಂದು ಸಾಲು. ಅದನ್ನು ರಾತ್ರಿ ಹನ್ನೊಂದಕ್ಕೆ, ಚಹಾ ಕುಡಿಯುತ್ತಾ ಬರೆದೆ. ಏಣಿಯಲ್ಲೂ ಒಂದು ಕಾಂಟ್ಯಾಕ್ಟ್ ಸೇರಿಸಿದೆ. ಯಜಮಾನರಿಗೆ ಹೇಳಲಿಲ್ಲ. ಹೇಳಬೇಕು ಅನ್ನಿಸಲೇ ಇಲ್ಲ, ಅದೇ ನಿಜ.

ಮರುದಿನ ಇಂಜಿನಿಯರ್ ಕಚೇರಿಯಲ್ಲಿ ಪ್ರದರ್ಶನ. ಎರಡನೇ ನಂಬರ್ ಓಡುತ್ತಿತ್ತು, ಒಂದನೆಯದು ನಿಂತಿತ್ತು. ನಿಂತಿರುವುದನ್ನೇ ಹಾಕಿ ತೋರಿಸೋಣ ಎಂದು 'ಚಾಲು' ಒತ್ತಿದೆ. ಪುಟ ಹೊಸದಾಯಿತು. ಒಂದನೇ ನಂಬರಿನ ಪಕ್ಕ ಹಸಿರು ಬಣ್ಣ, 'ಚಾಲು' ಎಂಬ ಅಕ್ಷರ. ಇಂಜಿನಿಯರ್ ಚಪ್ಪಾಳೆಯನ್ನೇ ತಟ್ಟಿದರು. ಒಳಗಿನಿಂದ ಕಾಫಿ ತರಿಸಿದರು.

ಕಾಫಿ ಬರುವ ಮೊದಲು ಫೋನು ಬಂತು.

"ಯಾರಪ್ಪಾ ಒಳಗೆ ಟಕ್ ಅನ್ನಿಸಿದ್ದು?"

ಯಜಮಾನರ ದನಿಯಲ್ಲಿ ಸಿಟ್ಟಿರಲಿಲ್ಲ. ಏನಾಯಿತೆಂದು ಅವರು ನಿಧಾನವಾಗಿ ಹೇಳಿದರು. ಒಂದನೇ ನಂಬರ್ ಪಂಪಿನ ಗ್ಲಾಂಡಿನಲ್ಲಿ ನೀರು ಜಾಸ್ತಿ ಸೋರುತ್ತಿತ್ತು. ಬೆಳಿಗ್ಗೆ ಅದನ್ನು ನಿಲ್ಲಿಸಿ, ಹಳೆಯ ಪ್ಯಾಕಿಂಗ್ ಹಗ್ಗವನ್ನು ಕೊಕ್ಕೆಯಿಂದ ಎಳೆದು ತೆಗೆಯುತ್ತಿದ್ದರು. ಶಾಫ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಡಗೈಯಿಂದ ಶಾಫ್ಟನ್ನೇ ಹಿಡಿದುಕೊಂಡು. ಆಗ ಹಿಂದೆ ಪ್ಯಾನೆಲ್ಲಿನೊಳಗೆ ರಿಲೇ ಎಳೆದ ಸದ್ದು. ಮೋಟರು ತಿರುಗಲಿಲ್ಲ. ಯಾಕೆಂದರೆ ಕೆಲಸಕ್ಕೆ ಕೂರುವ ಮೊದಲು ಅವರು ಆ ಮೋಟರಿನ ಕಂಟ್ರೋಲ್ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡಿದ್ದರು. ಪಿಎಲ್‌ಸಿಗೆ, ರಿಲೇಗೆ ಬೇರೆ ಕರೆಂಟು. ಮೋಟರನ್ನು ಎಳೆದುಕೊಳ್ಳುವ ಕಾಂಟ್ಯಾಕ್ಟರಿಗೆ ಮಾತ್ರ ಆ ಫ್ಯೂಸಿನ ಮೂಲಕವೇ ಬರಬೇಕು.

ನನ್ನ ಪರದೆಯಲ್ಲಿ ಆಗಲೂ ಹಸಿರು. 'ಚಾಲು.'

ಪುಟ ಹಾಗೆ ಹೇಳಿದ್ದು ಯಾಕೆಂದು ನನಗೆ ತಕ್ಷಣ ಹೊಳೆಯಿತು, ಅದೇ ಹೆಚ್ಚು ನಾಚಿಕೆಯ ಸಂಗತಿ. ಹಸಿರು ಬಣ್ಣವನ್ನು ನಾನು ಕಟ್ಟಿದ್ದು ಮೋಟರು ತಿರುಗುತ್ತಿದೆಯೇ ಎಂಬುದಕ್ಕಲ್ಲ, ತಿರುಗು ಎಂದು ನಾನು ಹೇಳಿದೆನೇ ಎಂಬುದಕ್ಕೆ. ನನ್ನ ಅಪ್ಪಣೆಯನ್ನೇ ನನಗೆ ವರದಿಯಾಗಿ ಓದಿಸುತ್ತಿತ್ತು ಆ ಪುಟ. ಖಾಲಿಗೂ ಸುದ್ದಿಯಿಲ್ಲದ್ದಕ್ಕೂ ವ್ಯತ್ಯಾಸ ಹೇಳುವ 4 ಮಿಲಿಆಂಪಿಯರಿನ ಬಗ್ಗೆ ಭಾಷಣ ಮಾಡಿದವನು ನಾನೇ.

ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ನಿಯಂತ್ರಣ ವ್ಯವಸ್ಥೆಗಳ ಸುರಕ್ಷತೆ ಎಂದು ಹದಿನೆಂಟು ಪುಟಗಳಿವೆ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಇದೆ. 2000ದಲ್ಲಿ ಆಸ್ಟ್ರೇಲಿಯಾದ ಮರೂಚಿ ಎಂಬಲ್ಲಿ, ಆ ವ್ಯವಸ್ಥೆಯನ್ನು ಕೂರಿಸಿದ ಕಂಪನಿಯಲ್ಲೇ ಹಿಂದೆ ಕೆಲಸ ಮಾಡಿದ್ದವನೊಬ್ಬ ರೇಡಿಯೋ ಮೂಲಕ ಪಂಪ್ ಸ್ಟೇಷನ್ನುಗಳಿಗೆ ಅಪ್ಪಣೆ ಕಳಿಸಿ ಲಕ್ಷಾಂತರ ಲೀಟರ್ ಕೊಳಚೆ ನೀರನ್ನು ಹೊರಗೆ ಹರಿಸಿದ ಕತೆ ಇದೆ. ಹದಿನೆಂಟು ಪುಟಗಳ ತುಂಬ ಕಳ್ಳರು, ಸೇಡಿನವರು, ಶತ್ರುಗಳು. ಅನುಮತಿ ಪತ್ರ ಹಿಡಿದುಕೊಂಡು, ವಿಪಿಎನ್ ಮೂಲಕ ಸರಿಯಾಗಿಯೇ ಒಳಗೆ ಬಂದು, ಖುಷಿಯಲ್ಲಿ ಬಟನ್ ಒತ್ತುವ ಹುಡುಗ ಎಲ್ಲೂ ಇಲ್ಲ.

ಮಧ್ಯಾಹ್ನದ ಬಸ್ಸಿನಲ್ಲೇ ಹೋದೆ. ಬೈಗುಳಕ್ಕೆ ತಯಾರಾಗಿದ್ದೆ. ಯಜಮಾನರು ಚಾಪೆ ತೋರಿಸಿ, "ಏಣಿ ತೆಗಿ ನೋಡೋಣ" ಎಂದರು. ಲ್ಯಾಪ್‌ಟಾಪ್ ತೆರೆದೆ. ಪ್ಯಾನೆಲ್ಲಿನ ಮೇಲೆ ಲೋಕಲ್, ರಿಮೋಟ್ ಎಂಬ ಒಂದು ತಿರುಗು ಸ್ವಿಚ್ಚಿದೆ. ಬೆಳಿಗ್ಗೆ ಅವರು ಅದನ್ನು ಲೋಕಲ್‌ಗೆ ತಿರುಗಿಸಿಯೇ ಇದ್ದರು. ಪರದೆಯ ಮೇಲೆ ಅವರ ಬೆರಳು ನಾಲ್ಕನೇ ಮೆಟ್ಟಿಲಿಗೆ ಬಂದು ನಿಂತಿತು. "ನಿನ್ನ ಈ ಹೊಸ ಬಟನ್ನು ಸ್ವಿಚ್ಚಿನ ಆಚೆ ಕಡೆ ಕೂತಿದೆ. ಸ್ವಿಚ್ಚು ಏನಂದ್ರೂ ಇದಕ್ಕೆ ಕೇಳ್ಸೋದಿಲ್ಲ." ನಾನು ಸ್ವಿಚ್ಚಿನ ಕಾಂಟ್ಯಾಕ್ಟನ್ನು ದಾಟಿ ಸಮಾನಾಂತರವಾಗಿ ಬಟನ್ ಸೇರಿಸಿದ್ದೆ. ಕಂಡುಹಿಡಿಯಲು ಅವರಿಗೆ ಎರಡು ನಿಮಿಷ ಸಾಕಾಯಿತು.

ಫ್ಯೂಸ್ ಕೀಳುವುದನ್ನು ಯಾರು ಕಲಿಸಿದರು ಎಂದೆ. ಮೂವತ್ತು ವರ್ಷದ ಹಿಂದೆ ಬೇರೊಂದು ಪಂಪ್‌ಹೌಸಿನಲ್ಲಿ ಅವರ ಜೊತೆಗಾರನ ಎರಡು ಬೆರಳು ಹೋದವಂತೆ. ಯಾರೋ ಬಂದವರು ಮೋಟರು ಯಾಕೆ ನಿಂತಿದೆ ಎಂದು ತಾವೇ ಹಾಕಿದ್ದರಂತೆ. ಅಷ್ಟೇ ಹೇಳಿದರು. ಅವರ ಪ್ಯಾನೆಲ್ಲಿಗೆ ಒಂದು ತಗಡಿನ ಬೋರ್ಡು ತೂಗುಹಾಕಿದೆ, ಆಳು ಕೆಲಸ ಮಾಡ್ತಿದ್ದಾರೆ, ಹಾಕಬೇಡಿ ಎಂದು. ಸ್ವಿಟ್ಜರ್ಲೆಂಡಿನ ಸರ್ನ್‌ನಲ್ಲಿ ಟಿಮ್ ಬರ್ನರ್ಸ್ ಲೀ ಜಗತ್ತಿನ ಮೊದಲ ವೆಬ್ ಸರ್ವರಿನ ಮೇಲೆ ಕೆಂಪು ಶಾಯಿಯಲ್ಲಿ ಕೈಬರಹದ ಚೀಟಿ ಅಂಟಿಸಿದ್ದರು: ಇದು ಸರ್ವರ್, ಆರಿಸಬೇಡಿ. ಎರಡೂ ಬೋರ್ಡುಗಳು ಯಂತ್ರದ ಎದುರು ಬಂದು ನಿಂತವರಿಗೆ. 12 ಕಿಲೋಮೀಟರ್ ದೂರದಲ್ಲಿ ಕೂತ ನನಗೆ ತಗಡಿನ ಬೋರ್ಡು ಕಾಣುವಂತಿರಲಿಲ್ಲ.

ಲಾಗ್‌ಬುಕ್ಕಿನಲ್ಲಿ ಆ ದಿನದ ಸಾಲು ಹೀಗಿದೆ: '11.20. ಒಂದನೇ ನಂಬರ್ ಗ್ಲಾಂಡ್ ಕೆಲಸ. ಒಳಗೆ ಟಕ್ ಅಂತು. ಹುಡುಗನಿಗೆ ಫೋನ್ ಮಾಡಿದೆ.' ನನ್ನ ಹೆಸರು ಹಾಕಿಲ್ಲ.

ಬಟನ್ನನ್ನು ತೆಗೆದೆ. ಎವೆರಿಬಡಿಯ ಅಧಿಕಾರವನ್ನೆಲ್ಲ ಕಿತ್ತುಕೊಂಡೆ. ಪಾಸ್‌ವರ್ಡ್ ಇರುವ ಎರಡೇ ಬಳಕೆದಾರರು, ಇಬ್ಬರಿಗೂ ಓದುವ ಅಧಿಕಾರ ಮಾತ್ರ. ಇಂಜಿನಿಯರಿಗೆ ಬೇಸರವಾಯಿತು. ಸ್ವಿಚ್ಚಿನ ಈಚೆ ಕಡೆ ಹಾಕಿದರೆ ಆಗುವುದಿಲ್ಲವೇ, ರಿಮೋಟ್‌ನಲ್ಲಿದ್ದಾಗ ಮಾತ್ರ ಕೆಲಸ ಮಾಡಲಿ ಎಂದರು. ತಾಂತ್ರಿಕವಾಗಿ ಅವರ ಮಾತು ಸರಿ. ಹಾಗೆ ಮಾಡುವ ಪಂಪ್‌ಹೌಸುಗಳು ಬೇಕಾದಷ್ಟಿವೆ. ನನ್ನ ಕೈಯಿಂದ ಬೇಡ ಎಂದೆ. ಆಮೇಲೆ ಅವರು, ಕೆಟ್ಟ ಉದ್ದೇಶವೇನೂ ಇಲ್ಲದೆ, ಯಜಮಾನರಿಗೆ ನಿವೃತ್ತಿಗೆ ಇನ್ನು ಹದಿನಾಲ್ಕೇ ತಿಂಗಳು, ಆ ಜಾಗಕ್ಕೆ ಬೇರೆಯವರನ್ನು ಕೊಡುವ ಹಾಗೆ ಕಾಣುವುದಿಲ್ಲ, ನಿಮ್ಮ ಪುಟ ಇದೆಯಲ್ಲ ಎಂದರು. ಅದಕ್ಕೆ ಏನು ಉತ್ತರ ಕೊಡಬೇಕೆಂದು ಗೊತ್ತಾಗದೆ ಎದ್ದು ಬಂದೆ. ಈಗಲೂ ಗೊತ್ತಾಗಿಲ್ಲ. ಹೊಳೆ ಕೆಂಪಾಗಿದೆ ಎನ್ನುವುದಕ್ಕೆ ಆ ಪುಟದಲ್ಲಿ ಜಾಗವಿಲ್ಲ.

ಒಂದು ಕೆಲಸ ಉಳಿದಿತ್ತು. ಕಾಂಟ್ಯಾಕ್ಟರ್ ನಿಜವಾಗಿ ಎಳೆದುಕೊಂಡಿದೆಯೇ ಎಂದು ತಿಳಿಸುವ ತಂತಿಯನ್ನು ಪಿಎಲ್‌ಸಿಯ ಖಾಲಿ ಇನ್‌ಪುಟ್ಟುಗಳಿಗೆ ತರಬೇಕು. ಅದು ಸಿಕ್ಕಿದರೆ ಮಾತ್ರ ಹಸಿರು. ಅಪ್ಪಣೆ ಹೋಗಿ ಮೂರು ಸೆಕೆಂಡಾದರೂ ಸಿಗದಿದ್ದರೆ ಕೆಂಪು. ಆ ಕೆಂಪಿಗೆ ಏನೆಂದು ಬರೆಯಲಿ ಎಂದು ಕೇಳಿದಾಗ ಯಜಮಾನರು, "ಕೂಗಿದೆ, ಓಗೊಡಲಿಲ್ಲ ಅಂತ ಬರಿ" ಎಂದರು. ಹಾಗೆಯೇ ಬರೆದಿದ್ದೇನೆ.

ಆ ದಿನ ನಾನು ಪ್ಯಾನೆಲ್ಲಿನೊಳಗೆ ಕೈ ಹಾಕುವ ಮೊದಲು ಅವರು ಮೇನ್ ಇಳಿಸಿ, ಎರಡೂ ಮೋಟರುಗಳ ಕಂಟ್ರೋಲ್ ಫ್ಯೂಸುಗಳನ್ನು ಕಿತ್ತು ನನ್ನ ಅಂಗಿಯ ಜೇಬಿಗೆ ಹಾಕಿದರು. "ಈಗ ಕೆಲಸ ನಿಂದು. ಇದೂ ನಿಂದೇ." ಮುಗಿಯುವಾಗ ಎರಡೂವರೆಯಾಗಿತ್ತು. ಬಸ್ಸಿನ ಹಾರ್ನ್ ಕೇಳಿಸಿತು, ಅದು ಬಿಟ್ಟರೆ ಮುಂದಿನದು ಐದಕ್ಕೆ. ಮೋಟರು ಹಾಕಿ ನೋಡುವುದನ್ನು ಅವರಿಗೆ ಬಿಟ್ಟು ಓಡಿದೆ. ಆರೇಳು ಕಿಲೋಮೀಟರ್ ಹೋದ ಮೇಲೆ ಟಿಕೆಟ್ಟಿನ ಚಿಲ್ಲರೆ ಇಟ್ಟುಕೊಳ್ಳಲು ಜೇಬಿಗೆ ಕೈ ಹಾಕಿದರೆ ಫ್ಯೂಸುಗಳು.

ಫೋನ್ ಮಾಡಿದೆ. ಸ್ಪೇರ್ ಇದೆಯಾ ಎಂದೆ. ಇದೆ ಎಂದರು. ಹಾಗಾದರೆ ಅದನ್ನೇ ಹಾಕಿ ಶುರು ಮಾಡಿ, ಇವನ್ನು ಮುಂದಿನ ವಾರ ತರುತ್ತೇನೆ ಎಂದೆ.

"ಹಂಗಾಗಲ್ಲ. ಫ್ಯೂಸು ನಿನ್ನ ಜೇಬಲ್ಲಿದೆ."

"ನಾನೇ ಬಸ್ಸಲ್ಲಿದೀನಲ್ಲ ಯಜಮಾನ್ರೇ."

"ಅದು ನಂಗೊತ್ತು. ಬಂದು ಕೊಡು."

ಮುಂದಿನ ನಿಲ್ದಾಣದಲ್ಲಿ ಇಳಿದೆ. ಅರ್ಧ ಗಂಟೆ ಕಾದ ಮೇಲೆ ಹುಲ್ಲಿನ ಹೊರೆ ತುಂಬಿದ ಒಂದು ಲಗೇಜ್ ಆಟೋ ಸಿಕ್ಕಿತು. ಡ್ರೈವರ್ ಪಕ್ಕ ಮುದುರಿ ಕೂತು ಮೊಬೈಲಿನಲ್ಲಿ ಪುಟ ತೆರೆದೆ. ಎರಡೂ ಮೋಟರು ಬಂದ್. ಟ್ಯಾಂಕು 11.4 ಅಡಿ. ಪುಟ ಹತ್ತು ಸೆಕೆಂಡಿಗೊಮ್ಮೆ ಹೊಸದಾಗುತ್ತದೆ. 11.3. ಪಟ್ಟಣದಲ್ಲಿ ಸಂಜೆಯ ನೀರು ಬಿಡುವ ಹೊತ್ತು. ಹಳ್ಳದ ಬಳಿ ಸಿಗ್ನಲ್ ಹೋಯಿತು, ಏರಿನಲ್ಲಿ ಮತ್ತೆ ಬಂತು. 10.9. ಸ್ವಲ್ಪ ಜೋರಾಗಿ ಹೋಗ್ತೀರಾ ಎಂದೆ. ಹುಲ್ಲು ಬೀಳುತ್ತೆ ಎಂದ ಡ್ರೈವರ್. 10.8.

ಯಜಮಾನರು ಗೇಟಿನ ಹತ್ತಿರವೇ ನಿಂತು ಅಂಗೈ ಚಾಚಿದ್ದರು.